ಹಬ್ಬದ ಹೊರಗು, ಹಬ್ಬದ ಒಳಗು: ಪಂಪಾಕಲ್ಯಾಣವೂ ಯೆಹೂದ್ಯರ ಪರ್ವಗಳೂ



ಹೊಸಪೇಟೆಯ ಮಗ್ಗುಲಲ್ಲಿ ಚಿತ್ತವಾಡ್ಗಿ ಎಂಬುದೊಂದು ಊರುಂಟು. ಈಗ ಅದು ನಗರದೊಳಗೆ ಸೇರಿ ಅದರ ಒಂದು ಭಾಗವೇ ಆಗಿಹೋಗಿದೆ. ಹೊಸಪೇಟೆಯಾದರೋ ಕೃಷ್ಣದೇವರಾಯನು ಕಟ್ಟಿಸಿದ ನಾಗಲಾಪುರ. ಅಲ್ಲಿಂದ ಎಂಟು ಮೈಲಿ ನಡೆದರೆ ಹಂಪೆ. ರಾಯಕಾಲುವೆ, ಬಸವಣ್ಣಕಾಲುವೆ ಮೊದಲಾದ ಹಳೆಯ ಕಾಲುವೆಗಳ ನೀರನ್ನು ಕುಡಿದು ಬೆಳೆದ ಬಾಳೆಯ ತೋಟ, ಕಬ್ಬಿನ ಗದ್ದೆಗಳನ್ನು ದಾಟಿ, ಚೈತ್ರಮಾಸದ ಬಿಸಿಲಿನಲ್ಲಿ ಆ ಕಡೆಯ ಜನ ಹಂಪೆಗೆ ಹೋಗುತ್ತಾರೆ. ಅಂದು ಪಂಪಾಂಬಿಕೆಗೂ ವಿರೂಪಾಕ್ಷನಿಗೂ ಕಲ್ಯಾಣ, ಆಮೇಲೆ ತೇರು. ಚಳಿಗಾಲದಲ್ಲಿಯೇ ನಿಶ್ಚಿತಾರ್ಥದ ಫಲಪೂಜೆ ನಡೆದಿರುತ್ತದೆ. ನಮ್ಮ ಮನೆಗಳ ಮದುವೆಯ ಹಾಗೆಯೇ ಮೊದಲು ಮಾತು, ಆಮೇಲೆ ಮಂಟಪ.

ಅದೇ ಹಂಪೆಯಲ್ಲಿ ಇನ್ನೊಂದು ಹಬ್ಬವೂ ಇದ್ದಿತು. ಅದರ ವೈಭವವನ್ನು ಕಂಡು ಪರದೇಶಗಳ ಪ್ರವಾಸಿಗರು ಬೆರಗಾದರು. ಅದು ಮಹಾನವಮಿ. ಅದರ ಗುರುತಾಗಿ ಇಂದು ಉಳಿದಿರುವುದು ಕಲ್ಲಿನ ದಿಬ್ಬವೊಂದೇ. ಒಂದು ಹಬ್ಬ ಅಳಿಯಿತು, ಇನ್ನೊಂದು ಉಳಿಯಿತು. ಅಳಿದುದು ಏಕೆ ಅಳಿಯಿತು, ಉಳಿದುದು ಏಕೆ ಉಳಿಯಿತು ಎಂಬ ಪ್ರಶ್ನೆಯನ್ನು ಇಂದು ನಾವು ಕೈಗೆತ್ತಿಕೊಂಡಿದ್ದೇವೆ. ಇದಕ್ಕೆ ಉತ್ತರವನ್ನು ಅರಸುತ್ತ ನಾವು ಸ್ವಲ್ಪ ದೂರ, ಗಲಿಲಾಯ ಸೀಮೆಯ ಒಂದು ಬೆಟ್ಟದೂರಿನವರೆಗೆ, ಹೋಗಿಬರಬೇಕಾಗುವುದು. ಹಬ್ಬದ ಒಳಗಣ ಅರ್ಥವೇನೆಂಬುದನ್ನು ಆ ಊರಿನ ಜನ ಯೋಚಿಸಿದಷ್ಟು ಆಳವಾಗಿ ಯೋಚಿಸಿದವರು ವಿರಳ.

ಮೊದಲು ಮಹಾನವಮಿಯನ್ನು ನೋಡೋಣ. ೧೪೪೩ರಲ್ಲಿ ಪಾರಸೀಕ ರಾಯಭಾರಿ ಅಬ್ದುರ್ ರಜಾಕನೂ, ಸುಮಾರು ೧೫೨೦ರಲ್ಲಿ ಪೋರ್ಚುಗೀಸಿನ ಡೊಮಿಂಗೋ ಪಾಯೆಸನೂ, ಅವನ ಬಳಿಕ ೧೫೩೫ರ ಸುಮಾರಿಗೆ ನೂನಿಜನೂ ವಿಜಯನಗರವನ್ನು ಕಂಡು ಬರೆದಿಟ್ಟಿರುವರು. ಪಾಯೆಸನು ಹೇಳುವ ಒಂಬತ್ತು ದಿನಗಳ ಉತ್ಸವದಲ್ಲಿ ಅರಸನ ಒಡ್ಡೋಲಗ, ಜಟ್ಟಿಗಳ ಕಾಳಗ, ನರ್ತಕಿಯರ ಕುಣಿತ, ಶೃಂಗರಿಸಿದ ಕುದುರೆಗಳ ಸಾಲು, ಬಾಣಬಿರುಸು ಎಲ್ಲವೂ ಬರುತ್ತವೆ. ಕಡೆಯ ದಿನ ೨೫೦ ಕೋಣಗಳೂ ೪೫೦೦ ಕುರಿಗಳೂ ಬಲಿಯಾದುವೆಂದು ಅವನು ಬರೆಯುತ್ತಾನೆ. ಹಬ್ಬ ಮುಗಿದ ಮೇಲೆ ದೊರೆ ತನ್ನ ಸೈನ್ಯವನ್ನೆಲ್ಲ ಬಯಲಿನಲ್ಲಿ ನಿಲ್ಲಿಸಿ ಪರಿಶೀಲಿಸುತ್ತಿದ್ದನು. ನೂನಿಜನ ಬರೆವಣಿಗೆಯಿಂದ ಇನ್ನೊಂದು ಸಂಗತಿ ತಿಳಿದುಬರುತ್ತದೆ: ನಾಡಿನ ನಾಯಕರು ತಾವು ಸಲ್ಲಿಸಬೇಕಾದ ಕಪ್ಪವನ್ನು ಅರಸನಿಗೆ ಒಪ್ಪಿಸುತ್ತಿದ್ದುದು ಈ ಹಬ್ಬದ ಕಾಲದಲ್ಲಿಯೇ. ಎಂದರೆ ಮಹಾನವಮಿ ದೇವಿಯ ಪೂಜೆಯಾಗಿದ್ದಂತೆಯೇ ರಾಜ್ಯದ ಲೆಕ್ಕ ಒಪ್ಪಿಸುವ ದಿನವೂ ಆಗಿದ್ದಿತು. ಯಾರು ಎಷ್ಟು ಕೊಟ್ಟರು, ಯಾರು ಎಷ್ಟು ದಂಡನ್ನು ತಂದರು, ಯಾರು ಸಿಂಹಾಸನಕ್ಕೆ ಹತ್ತಿರ ನಿಂತರು, ಇವೆಲ್ಲವೂ ಆ ಒಂಬತ್ತು ದಿನಗಳಲ್ಲಿ ಕಣ್ಣಿಗೆ ಕಾಣುತ್ತಿದ್ದುವು.

೧೫೬೫ರ ಜನವರಿಯಲ್ಲಿ ರಕ್ಕಸಗಿ ತಂಗಡಗಿಯ ಕಾಳಗವಾಯಿತು. ರಾಮರಾಯನು ಮಡಿದನು, ತಿರುಮಲರಾಯನು ಪೆನುಕೊಂಡೆಗೆ ಹೊರಟನು, ಪಟ್ಟಣ ಸೂರೆಹೋಯಿತು. ಅರಸನಿಲ್ಲದ ದಿಬ್ಬದ ಮೇಲೆ ಲೆಕ್ಕ ಒಪ್ಪಿಸುವವರು ಯಾರು, ಒಪ್ಪಿಸಿಕೊಳ್ಳುವವರು ಯಾರು? ಹಬ್ಬ ನಿಂತಿತು. ವಿಠ್ಠಲನ ಗುಡಿಯಲ್ಲಿಯೂ ಹಜಾರರಾಮನ ಗುಡಿಯಲ್ಲಿಯೂ ಇಂದು ಪೂಜೆಯಿಲ್ಲ. ವಿರೂಪಾಕ್ಷನ ಗುಡಿಯಲ್ಲಿ ಮಾತ್ರ ದೀಪ ಉರಿಯುತ್ತಲೇ ಬಂದಿದೆಯೆಂಬುದು ಕ್ಷೇತ್ರದವರ ನಂಬಿಕೆ. ಪಂಪೆಯ ಮದುವೆ ಈಗಲೂ ನಡೆಯುತ್ತಿದೆ.

ಈಗ ನಮ್ಮ ಶ್ರೋತೃಗಳನ್ನು ಪಶ್ಚಿಮಕ್ಕೆ ಕರೆದೊಯ್ಯುತ್ತೇವೆ. ವಿಜಯನಗರ ಬಿದ್ದ ೧೫೬೫ನೆಯ ಇಸವಿಯಲ್ಲಿಯೇ ಇಟಲಿಯ ವೆನಿಸ್ ಪಟ್ಟಣದಲ್ಲಿ ಯೆಹೂದ್ಯರ ಧರ್ಮಶಾಸ್ತ್ರ ಗ್ರಂಥವೊಂದು ಅಚ್ಚಾಗಿ ಹೊರಬಂದಿತು. ಅದರ ಹೆಸರು 'ಶುಲ್ಖಾನ್ ಆರೂಖ್'. ಅಣಿಗೊಳಿಸಿಟ್ಟ ಊಟದ ಮೇಜು ಎಂದು ಅರ್ಥ. ಅದನ್ನು ಬರೆದವನು ಯೋಸೇಫ್ ಕಾರೋ. ಅವನಿದ್ದುದು ಗಲಿಲಾಯದ ಸಫೇದ್ ಎಂಬ ಊರಿನಲ್ಲಿ. ೧೪೯೨ರಲ್ಲಿ ಸ್ಪೇನಿನ ಅರಸರು ತಮ್ಮ ನಾಡಿನ ಯೆಹೂದ್ಯರನ್ನೆಲ್ಲ ಹೊರದೂಡಿದಾಗ ದಿಕ್ಕುದಿಕ್ಕಿಗೆ ಚೆದುರಿದವರಲ್ಲಿ ಹಲವರು ತುರ್ಕಿಯ ಸುಲ್ತಾನರ ಆಶ್ರಯವನ್ನು ಪಡೆದರು. ಅವರಲ್ಲಿ ಕೆಲವರು ಈ ಬೆಟ್ಟದೂರಿನಲ್ಲಿ ಬಂದು ನೆಲೆಸಿದರು.

ನೆಲೆಗೆಡುವುದು ಯೆಹೂದ್ಯರಿಗೆ ಹೊಸತಲ್ಲ. ಕ್ರಿ. ಶ. ೭೦ರಲ್ಲಿ ರೋಮನರು ಯೆರೂಸಲೇಮಿನ ದೇವಾಲಯವನ್ನು ಸುಟ್ಟರು. ಅದಕ್ಕೆ ಮೊದಲು ಪಸ್ಕ ಹಬ್ಬ, ವಾರಗಳ ಹಬ್ಬ, ಪರ್ಣಶಾಲೆಗಳ ಹಬ್ಬ ಎಂಬ ಮೂರು ಪರ್ವಗಳಲ್ಲಿಯೂ ಜನ ಊರೂರಿನಿಂದ ಆ ದೇವಾಲಯಕ್ಕೆ ಯಾತ್ರೆ ಹೋಗಿ ಬಲಿಯನ್ನು ಅರ್ಪಿಸಬೇಕೆಂಬುದು ವಿಧಿಯಾಗಿದ್ದಿತು. ಗುಡಿ ಹೋಯಿತು, ಯಾಜಕರ ಸೇವೆ ನಿಂತಿತು, ಬಲಿ ನಿಂತಿತು. ಆದರೆ ಹಬ್ಬ ನಿಲ್ಲಲಿಲ್ಲ. ಬಲಿಯ ಬದಲು ಪ್ರಾರ್ಥನೆ ಬಂದಿತು. ಬಲಿಪೀಠದ ಬದಲು ಮನೆಯ ಊಟದ ಮೇಜು ನಿಂತಿತು. ಯಾಜಕನ ಸ್ಥಾನದಲ್ಲಿ ಮನೆಯ ಯಜಮಾನನೂ ದೀಪವನ್ನು ಹಚ್ಚುವ ಗೃಹಿಣಿಯೂ ನಿಂತರು. ಹೀಗೆ ಹೊರಗಿನಿಂದ ಒಳಕ್ಕೆ ನಡೆದುಬಂದ ಹಬ್ಬಗಳಿಗೆ ಇನ್ನೂ ಒಳಗಣ ಅರ್ಥವನ್ನು ಕೊಟ್ಟುದು 'ಕಬ್ಬಾಲಾ' ಎಂಬ ರಹಸ್ಯವಿದ್ಯೆ.

ಕಬ್ಬಾಲಾ ಎಂದರೆ ಪಡೆದುದು, ಸ್ವೀಕರಿಸಿದುದು. ನಾವು 'ಸಂಪ್ರದಾಯ' ಎನ್ನುತ್ತೇವೆ. ಅದು ಕೊಡುವುದನ್ನು ಹೇಳುವ ಮಾತು. ಗುರುವಿನ ಕಡೆಯಿಂದ ನೋಡಿದರೆ ಸಂಪ್ರದಾಯ, ಶಿಷ್ಯನ ಕಡೆಯಿಂದ ನೋಡಿದರೆ ಕಬ್ಬಾಲಾ. ಹನ್ನೆರಡನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ತೆಂಕಣ ಸೀಮೆಯಲ್ಲಿಯೂ ಆಮೇಲೆ ಸ್ಪೇನಿನಲ್ಲಿಯೂ ಇದರ ಗ್ರಂಥಗಳು ಬೆಳಕಿಗೆ ಬಂದುವು. ಅವುಗಳಲ್ಲಿ ಮುಖ್ಯವಾದುದು 'ಜೋಹರ್'. ಕಾಂತಿ ಎಂದು ಅದರ ಅರ್ಥ. ಪ್ರಾಚೀನ ಋಷಿಯಾದ ಶಿಮೋನ್ ಬಾರ್ ಯೋಖಾಯನದೆಂದು ಭಕ್ತರು ನಂಬುವ ಈ ಗ್ರಂಥವು ಹದಿಮೂರನೆಯ ಶತಮಾನದ ಕೊನೆಯಲ್ಲಿ ಸ್ಪೇನಿನ ಮೋಶೆ ದೆ ಲಿಯೋನನ ಬಳಗದಲ್ಲಿ ರೂಪುಗೊಂಡಿತೆಂದು ಚರಿತ್ರಕಾರರು ನಿರ್ಧರಿಸಿರುವರು.

ಈ ವಿದ್ಯೆಯ ತಿರುಳು ಹೀಗಿದೆ. ಪರಾತ್ಪರವಾದ ದೇವರು ಅನಂತ; ಅವನಿಗೆ ಹೆಸರಿಲ್ಲ, ರೂಪವಿಲ್ಲ. ಆ ಅನಂತದಿಂದ ಹತ್ತು ಪ್ರಭೆಗಳು ಹೊಮ್ಮುತ್ತವೆ, ಇವೇ ಸೆಫಿರೋತ್‌ಗಳು. ಜ್ಞಾನ, ವಿವೇಕ, ಕರುಣೆ, ದಂಡ, ಸೌಂದರ್ಯ ಮುಂತಾದ ಶಕ್ತಿಗಳಾಗಿ ಅವು ಮೇಲಿನಿಂದ ಕೆಳಕ್ಕೆ ಇಳಿದುಬರುತ್ತವೆ. ಎಲ್ಲಕ್ಕೂ ಕೆಳಗಿರುವ ಹತ್ತನೆಯದು 'ಮಲ್ಖೂತ್', ರಾಜ್ಯ. ಅದಕ್ಕೇ 'ಶೆಖೀನಾ' ಎಂಬ ಹೆಸರೂ ಉಂಟು. ಲೋಕದಲ್ಲಿ ನೆಲೆಸಿರುವ ದೇವರ ಸಾನ್ನಿಧ್ಯವೆಂದು ತಾತ್ಪರ್ಯ. ಶೆಖೀನಾ ಸ್ತ್ರೀರೂಪಿಣಿ, ರಾಣಿ, ವಧು. ಜನ ದೇಶಭ್ರಷ್ಟರಾದಾಗ ಅವಳೂ ಅವರೊಡನೆ ದೇಶಭ್ರಷ್ಟಳಾದಳು. ತನ್ನ ಇನಿಯನಿಂದ ಅಗಲಿದಳು. ಮನುಷ್ಯನು ಮಾಡುವ ಪ್ರತಿಯೊಂದು ವಿಧಿಯ ಒಳಗಣ ಗುರಿ ಈ ಅಗಲಿದವರನ್ನು ಕೂಡಿಸುವುದು.

೧೫೭೦ರಲ್ಲಿ ಇಸಾಕ್ ಲೂರಿಯಾ ಎಂಬ ಸಾಧಕನು ಸಫೇದಿಗೆ ಬಂದನು. ಎರಡು ವರ್ಷ ಮಾತ್ರ ಅಲ್ಲಿ ಬೋಧಿಸಿ, ೧೫೭೨ರಲ್ಲಿ, ನಲವತ್ತು ತುಂಬುವುದಕ್ಕೆ ಮೊದಲೇ ತೀರಿಕೊಂಡನು. ಅವನು ತಾನಾಗಿ ಬರೆದುದು ಅತ್ಯಲ್ಪ. ಶಿಷ್ಯನಾದ ಹಯ್ಯೀಮ್ ವಿಟಾಲನು ಅವನ ಉಪದೇಶವನ್ನು ಬರೆದಿಟ್ಟನು. ಸೃಷ್ಟಿಯ ಆದಿಯಲ್ಲಿ ದೇವರು ತನ್ನನ್ನು ತಾನೇ ಸಂಕೋಚಪಡಿಸಿಕೊಂಡು ಲೋಕಕ್ಕೆ ಎಡೆಮಾಡಿಕೊಟ್ಟನು. ಬೆಳಕನ್ನು ತುಂಬಿಕೊಳ್ಳಲು ಇದ್ದ ಪಾತ್ರೆಗಳು ಅದನ್ನು ತಾಳಲಾರದೆ ಒಡೆದುವು. ಕಿಡಿಗಳು ಎಲ್ಲೆಲ್ಲಿಯೂ ಚೆಲ್ಲಿ ಸಿಪ್ಪೆಗಳೊಳಗೆ ಸಿಕ್ಕಿಕೊಂಡುವು. ಆ ಕಿಡಿಗಳನ್ನು ಬಿಡಿಸಿ ಮೇಲಕ್ಕೆತ್ತಿ ಒಡೆದುದನ್ನು ಸರಿಪಡಿಸುವುದೇ ಮಾನವನ ಕೆಲಸ ಎಂದು ಅವನು ಕಲಿಸಿದನು. ಈ ಸರಿಪಡಿಸುವಿಕೆಗೆ 'ತಿಕ್ಕೂನ್' ಎಂದು ಹೆಸರು. ಸ್ಪೇನಿನಿಂದ ಓಡಿಸಲ್ಪಟ್ಟವರ ಮಕ್ಕಳಿಗೆ ಈ ಮಾತು ಎಷ್ಟು ನಾಟಿರಬೇಕೆಂಬುದನ್ನು ಹೇಳಬೇಕಾಗಿಲ್ಲ. ಚೆದುರಿದುದು ತಾವು ಮಾತ್ರವಲ್ಲ, ಜಗತ್ತೇ ಚೆದುರಿದೆ. ಚೆದುರಿದಲ್ಲಿಯೇ ತಮಗೊಂದು ಕೆಲಸ ಕಾದಿದೆ ಎಂದು ಅವರಿಗೆ ತೋರಿತು.

ಈ ಕಣ್ಣಿನಿಂದ ಅವರ ಹಬ್ಬಗಳನ್ನು ನೋಡೋಣ. ವಾರಕ್ಕೊಮ್ಮೆ ಬರುವ ಸಬ್ಬತ್ ದಿನವೇ ಮೊದಲನೆಯದು. ಶುಕ್ರವಾರದ ಸಂಜೆ ಸಫೇದಿನ ಸಾಧಕರು ಬಿಳಿಯ ಬಟ್ಟೆಯನ್ನುಟ್ಟು ಊರ ಹೊರಗಣ ಹೊಲಗಳಿಗೆ ಹೋಗಿ, ಮುಳುಗುವ ಹೊತ್ತಿನಲ್ಲಿ ವಧುವನ್ನು ಎದುರುಗೊಳ್ಳುತ್ತಿದ್ದರು. ಆ ಬಳಗದ ಶ್ಲೋಮೋ ಅಲ್ಕಬೆಟ್ಸನು ರಚಿಸಿದ ಸ್ವಾಗತಗೀತವನ್ನು ಇಂದಿಗೂ ಲೋಕದ ಎಲ್ಲೆಡೆ ಯೆಹೂದ್ಯರು ಸಬ್ಬತ್ತಿನ ಮುಸ್ಸಂಜೆಯಲ್ಲಿ ಹಾಡುತ್ತಾರೆ. ಹೊರಗೆ ನೋಡಿದರೆ ಅದು ಕೆಲಸವನ್ನು ಬಿಟ್ಟು ವಿಶ್ರಮಿಸುವ ದಿನ. ಒಳಗೆ ನೋಡಿದರೆ ಶೆಖೀನಾ ತನ್ನ ಒಡೆಯನನ್ನು ಕೂಡುವ ಮದುವೆಯ ದಿನ.

ಪಸ್ಕ ಹಬ್ಬ ಐಗುಪ್ತದ ದಾಸ್ಯದಿಂದ ಬಿಡುಗಡೆಯಾದುದರ ನೆನಪು. ಹೀಬ್ರೂ ಭಾಷೆಯಲ್ಲಿ ಆ ದೇಶದ ಹೆಸರು ಇಕ್ಕಟ್ಟನ್ನು ಸೂಚಿಸುವ ಮಾತಿಗೆ ಹತ್ತಿರವಾಗಿದೆ. ಆದುದರಿಂದ ಐಗುಪ್ತವೆಂದರೆ ಮನಸ್ಸಿನ ಇಕ್ಕಟ್ಟು. ಅಲ್ಲಿಂದ ಹೊರಡುವುದು ಒಂದು ಬಾರಿ ನಡೆದುಹೋದ ಸಂಗತಿಯಲ್ಲ, ವರ್ಷವರ್ಷವೂ ನಡೆಯಬೇಕಾದ ಪ್ರಯಾಣ. ಹುದುಗಿ ಉಬ್ಬಿದ ಹಿಟ್ಟು ಅಹಂಕಾರದ ಗುರುತು. ಹುಳಿಯಿಲ್ಲದ ರೊಟ್ಟಿ ನಮ್ರತೆಯ ಗುರುತು. ಜೋಹರ್ ಗ್ರಂಥವು ಈ ರೊಟ್ಟಿಯನ್ನು ಶ್ರದ್ಧೆಯ ಆಹಾರವೆಂದೂ ಔಷಧವೆಂದೂ ಭಾವಿಸುತ್ತದೆ.

ಆ ಹಬ್ಬದ ಎರಡನೆಯ ರಾತ್ರಿಯಿಂದ ನಲವತ್ತೊಂಬತ್ತು ದಿನಗಳನ್ನು ಒಂದೊಂದಾಗಿ ಎಣಿಸಬೇಕು. ಕೆಳಗಣ ಏಳು ಪ್ರಭೆಗಳಲ್ಲಿ ಒಂದೊಂದರೊಳಗೂ ಮತ್ತೆ ಏಳುಂಟು; ಏಳೇಳಲ ನಲವತ್ತೊಂಬತ್ತು. ಇಂದು ಕರುಣೆಯೊಳಗಣ ಕರುಣೆ, ನಾಳೆ ಕರುಣೆಯೊಳಗಣ ದಂಡ, ಹೀಗೆ ದಿನಕ್ಕೊಂದು ಗುಣವನ್ನು ಶೋಧಿಸಿಕೊಳ್ಳುತ್ತ ಸಾಧಕನು ಮುಂದುವರಿಯುತ್ತಾನೆ. ಐವತ್ತನೆಯ ದಿನ ವಾರಗಳ ಹಬ್ಬ, ಸೀನಾಯಿ ಬೆಟ್ಟದಲ್ಲಿ ಧರ್ಮವು ದೊರೆತ ದಿನ. ಅಂದು ಬೆಳಗ್ಗೆ ಮದುವೆ. ಆದುದರಿಂದ ಹಿಂದಿನ ರಾತ್ರಿಯೆಲ್ಲ ಎಚ್ಚರವಿದ್ದು ಶಾಸ್ತ್ರಗಳನ್ನು ಓದುತ್ತ ವಧುವಿಗೆ ಒಡವೆ ತೊಡಿಸಬೇಕೆನ್ನುತ್ತದೆ ಜೋಹರ್. ಕಾರೋ ಮತ್ತು ಅಲ್ಕಬೆಟ್ಸರು ಸಂಗಡಿಗರೊಡನೆ ಹೀಗೆ ಜಾಗರಣೆ ಮಾಡಿದುದರ ವಿವರ ಅಲ್ಕಬೆಟ್ಸನ ಪತ್ರವೊಂದರಲ್ಲಿ ಉಳಿದಿದೆ. ಶಿವರಾತ್ರಿಯ ಜಾಗರಣೆಯನ್ನು ಬಲ್ಲ ನಮಗೆ ಇದು ಅಪರಿಚಿತವಲ್ಲ.

ಶರತ್ಕಾಲದ ಹಬ್ಬಗಳ ವಿಷಯದಲ್ಲಿ ಒಂದು ಸ್ವಾರಸ್ಯವುಂಟು. ಯೆಹೂದ್ಯರ ಪಂಚಾಂಗವೂ ನಮ್ಮದರಂತೆಯೇ ಚಂದ್ರನ ತಿಂಗಳನ್ನೂ ಸೂರ್ಯನ ವರ್ಷವನ್ನೂ ಅಧಿಕಮಾಸದಿಂದ ಹೊಂದಿಸುವಂಥದು. ಅವರ ತಿಶ್ರೀ ಮಾಸದ ಮೊದಲ ದಿನ ಹೊಸ ವರ್ಷ. ಹತ್ತನೆಯ ದಿನ ದೋಷಪರಿಹಾರಕ ದಿನ. ಹಲವು ವರ್ಷಗಳಲ್ಲಿ ಇದು ನಮ್ಮ ಆಶ್ವಯುಜದ ಪಾಡ್ಯ, ದಶಮಿಗಳಿಗೆ ಸರಿಹೋಗುತ್ತದೆ. ೨೦೨೨, ೨೦೨೪, ೨೦೨೫ ಈ ಮೂರು ವರ್ಷಗಳಲ್ಲಿಯೂ ನಮ್ಮ ವಿಜಯದಶಮಿಯೂ ಅವರ ದೋಷಪರಿಹಾರಕ ದಿನವೂ ಒಂದೇ ಹಗಲಿನಲ್ಲಿ ಬಂದುವು. ಆ ಹತ್ತು ದಿನಗಳೂ ಅವರಿಗೆ ಲೆಕ್ಕ ಒಪ್ಪಿಸುವ ದಿನಗಳು. ಹೊಸ ವರ್ಷದಂದು ದೇವರು ಮನುಷ್ಯರ ಕರ್ಮಗಳ ಪುಸ್ತಕವನ್ನು ತೆರೆಯುತ್ತಾನೆ, ಹತ್ತನೆಯ ದಿನ ಮುದ್ರೆಯೊತ್ತುತ್ತಾನೆ ಎಂದು ಅವರ ಭಾವನೆ. ವಿಜಯನಗರದಲ್ಲಿ ನಾಯಕರು ದೊರೆಯ ಮುಂದೆ ಲೆಕ್ಕ ಒಪ್ಪಿಸುತ್ತಿದ್ದ ಋತುವಿನಲ್ಲಿಯೇ ಸಫೇದಿನಲ್ಲಿ ಬಡವ ಬಲ್ಲಿದರೆಲ್ಲರೂ ಕಾಣದ ದೊರೆಯ ಮುಂದೆ ಲೆಕ್ಕ ಒಪ್ಪಿಸುತ್ತಿದ್ದರು. ಟಗರಿನ ಕೊಂಬಿನ ನಾದವು ದೇವರ ದಂಡವನ್ನು ಕರುಣೆಯಾಗಿ ತಿರುಗಿಸುತ್ತದೆಂದು ಕಬ್ಬಾಲಾ ಹೇಳುತ್ತದೆ. ಉಪವಾಸದ ಆ ಹತ್ತನೆಯ ದಿನದಲ್ಲಿ ಐದು ಪ್ರಾರ್ಥನೆಗಳು. ಜೀವಕ್ಕೆ ಐದು ನೆಲೆಗಳುಂಟೆಂದೂ ಒಂದೊಂದು ಪ್ರಾರ್ಥನೆಯಿಂದ ಒಂದೊಂದು ನೆಲೆಯನ್ನು ಏರುವುದೆಂದೂ ಅವರ ವಿವರಣೆ.

ಐದು ದಿನ ಕಳೆದು ಹುಣ್ಣಿಮೆಯಂದು ಪರ್ಣಶಾಲೆಗಳ ಹಬ್ಬ. ಮನೆಯನ್ನು ಬಿಟ್ಟು ಏಳು ದಿನ ಸೊಪ್ಪಿನ ಚಪ್ಪರದ ಕೆಳಗೆ ಉಣ್ಣಬೇಕು. ಆ ನೆರಳು ಶ್ರದ್ಧೆಯ ನೆರಳು. ಏಳು ದಿನವೂ ಏಳು ಮಂದಿ ಅತಿಥಿಗಳು, ಅಬ್ರಹಾಮನಿಂದ ಮೊದಲ್ಗೊಂಡು ದಾವೀದನವರೆಗೆ, ಕಾಣದ ರೂಪದಲ್ಲಿ ಬಂದು ಕುಳಿತುಕೊಳ್ಳುತ್ತಾರೆ. ಅವರು ಏಳು ಪ್ರಭೆಗಳ ಮೂರ್ತಿಗಳು. ಇಲ್ಲಿ ಜೋಹರ್ ಒಂದು ಎಚ್ಚರಿಕೆಯನ್ನು ಕೊಡುತ್ತದೆ. ಆ ಕಾಣದ ಅತಿಥಿಗಳಿಗೆಂದು ಮೀಸಲಾದ ಭಾಗವು ಸಲ್ಲಬೇಕಾದುದು ಕಣ್ಣಿಗೆ ಕಾಣುವ ಬಡವರಿಗೆ. ಬಡವನಿಗೆ ಊಟವಿಲ್ಲದ ಚಪ್ಪರದಲ್ಲಿ ಆ ಅತಿಥಿಗಳು ನಿಲ್ಲುವುದಿಲ್ಲ. ಶ್ರೋತೃಗಳು ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ. ಮುಂದೆ ಇದರಿಂದ ಪ್ರಯೋಜನವುಂಟು.

ಇನ್ನು ಹಂಪೆಗೆ ಹಿಂದಿರುಗೋಣ. ಪಂಪೆ ಎಂಬುದು ತುಂಗಭದ್ರೆಯ ಹಳೆಯ ಹೆಸರು. ಏಳನೆಯ ಶತಮಾನದ ಕೊನೆಯ ಹೊತ್ತಿಗೇ ಬಾದಾಮಿಯ ಚಾಲುಕ್ಯ ವಿನಯಾದಿತ್ಯನ ಶಾಸನವು ಪಂಪಾತೀರ್ಥವನ್ನು ಹೆಸರಿಸುತ್ತದೆ. ವಿಜಯನಗರಕ್ಕಿಂತ ಆರು ಶತಮಾನಗಳಿಗೂ ಮೇಲಾಗಿ ಹಳೆಯದು ಅವಳ ಕ್ಷೇತ್ರ. ಅವಳೇ ಈ ನೆಲದ ಮೂಲದೇವತೆಯೆಂದೂ, ಶಿವನು ಅವಳನ್ನು ವರಿಸಿದ ಮೂಲಕ ಇಲ್ಲಿ ನೆಲೆಗೊಂಡನೆಂದೂ ಚರಿತ್ರಕಾರರ ಅಭಿಪ್ರಾಯ. ಹೆಸರುಗಳೇ ಇದಕ್ಕೆ ಸಾಕ್ಷಿ ನುಡಿಯುತ್ತವೆ. ಪಂಪೆಯೇ ಮುಂದೆ ಹಂಪೆಯಾದಳು. ಶಿವನು ಅವಳಿಂದ ಪಂಪಾಪತಿಯೆನಿಸಿದನು. ಗಂಡನು ಹೆಂಡತಿಯ ಹೆಸರಿನಿಂದ ಕರೆಯಿಸಿಕೊಳ್ಳುವ ಊರು ಇದು.

ಸ್ಥಳಪುರಾಣದ ಕಥೆಯನ್ನು ನಮ್ಮಲ್ಲಿ ಬಲ್ಲವರು ಬಹುಮಂದಿ. ಪಂಪೆ ಬ್ರಹ್ಮನ ಮಾನಸಪುತ್ರಿ. ಶಿವನಿಗಾಗಿ ತಪಸ್ಸು ಮಾಡಿದಳು. ಹೇಮಕೂಟದಲ್ಲಿ ಧ್ಯಾನಸ್ಥನಾಗಿದ್ದ ಶಿವನನ್ನು ಮನ್ಮಥನು ಕೆಣಕಿ ಹಣೆಗಣ್ಣಿನ ಉರಿಗೆ ಬೂದಿಯಾದನು. ಗುಡಿಯ ಪಕ್ಕದಲ್ಲಿಯೇ ಮನ್ಮಥಹೊಂಡವಿದೆ. ಹಂಪೆಯಲ್ಲಿದ್ದ ಹರಿಹರ ಕವಿಯು ತನ್ನ 'ಗಿರಿಜಾಕಲ್ಯಾಣ'ವೆಂಬ ಚಂಪೂಕಾವ್ಯದಲ್ಲಿ ಇದೇ ವಸ್ತುವನ್ನು ಹಾಡಿದನು. ಅವನ ಇಷ್ಟದೈವ ವಿರೂಪಾಕ್ಷನೇ. ಈ ಕಥೆಯ ಕ್ರಮವನ್ನು ಗಮನಿಸಬೇಕು. ಮೊದಲು ಬಯಕೆ ಬಂದಿತು, ಅದು ಸುಟ್ಟುಹೋಯಿತು. ಆಮೇಲೆ ತಪಸ್ಸು. ಮದುವೆ ಕಟ್ಟಕಡೆಗೆ. ಕಾಮನು ಸತ್ತ ಮೇಲೆಯೂ ಉಳಿಯುವ ಪ್ರೇಮ ಯಾವುದೋ ಅದಕ್ಕೆ ಕಲ್ಯಾಣವೆಂದು ಹೆಸರು. ಚಳಿಗಾಲದ ಫಲಪೂಜೆಗೂ ಚೈತ್ರದ ಧಾರೆಗೂ ನಡುವೆ ಕಾಯುವ ಕಾಲವೊಂದುಂಟು. ಸಫೇದಿನವರು ಬಿಡುಗಡೆಗೂ ಮದುವೆಗೂ ನಡುವೆ ನಲವತ್ತೊಂಬತ್ತು ದಿನಗಳನ್ನು ಎಣಿಸಿದಂತೆಯೇ ಇಲ್ಲಿಯೂ ಕಾಯುವುದೇ ಹಬ್ಬದ ಒಂದು ಅಂಗ.

ಇಷ್ಟು ಹೋಲಿಕೆಯನ್ನು ಕಂಡೊಡನೆ ಒಂದು ಇನ್ನೊಂದರಿಂದ ಬಂದಿತೆಂದು ಹೇಳುವ ಆತುರ ನಮಗೆ ಬೇಡ. ಯೆಹೂದ್ಯರು ಕನ್ನಡನಾಡಿಗೆ ಬರಲಿಲ್ಲವೆಂದಲ್ಲ. ಟ್ಯುನೀಸಿಯ ಸೀಮೆಯ ಅಬ್ರಹಾಮ್ ಬೆನ್ ಯಿಜೂ ಎಂಬ ವರ್ತಕನು ೧೧೩೨ರ ಹೊತ್ತಿಗೆ ಮಂಗಳೂರಿಗೆ ಬಂದು ೧೧೪೯ರವರೆಗೆ ಬಹುಮಟ್ಟಿಗೆ ಅಲ್ಲಿಯೇ ವ್ಯಾಪಾರ ಮಾಡಿಕೊಂಡಿದ್ದನು. ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದನು. ಅವನ ಮಕ್ಕಳ ತಾಯಿ ಅವಳೇ ಎಂದು ವಿದ್ವಾಂಸರು ಎಣಿಸುತ್ತಾರೆ. ಅವನ ವ್ಯಾಪಾರದ ಕೆಲಸವನ್ನು ನೋಡುತ್ತಿದ್ದ ಆಳಿನ ಹೆಸರು ಬೊಮ್ಮ. ಇವೆಲ್ಲ ಕೈರೋ ಬಳಿಯ ಹಳೆಯ ಪ್ರಾರ್ಥನಾಮಂದಿರದ ಕೋಣೆಯಲ್ಲಿ ದೊರೆತ ಕಾಗದಗಳಿಂದ ತಿಳಿದುಬಂದ ಸಂಗತಿಗಳು. ಬಸವಣ್ಣನವರ ಕಾಲಕ್ಕೆ ಸೇರಿದ ಈ ವರ್ತಕನು ಮಂಗಳೂರನ್ನು ಬಿಟ್ಟಾಗ ಕಬ್ಬಾಲಾದ ಗ್ರಂಥಗಳು ಇನ್ನೂ ಹುಟ್ಟಿರಲಿಲ್ಲ. ಆದುದರಿಂದ ಸಾಲದ ಮಾತನ್ನು ಕೈಬಿಡುವುದು ಲೇಸು.

ಭೇದಗಳೂ ಸಣ್ಣವಲ್ಲ. ಯೆಹೂದ್ಯರ ದೇವರಿಗೆ ಮೂರ್ತಿಯಿಲ್ಲ. ಅವರು ಹೇಳುವ ಮದುವೆ ಒಬ್ಬನೇ ದೇವರೊಳಗಣ ಎರಡು ಮುಖಗಳ ಕೂಟ. ಅದನ್ನು ಕಲ್ಲಿನಲ್ಲಿಯೋ ಪಂಚಲೋಹದಲ್ಲಿಯೋ ಕಡೆದು ತೇರಿನ ಮೇಲೆ ಕೂರಿಸುವುದು ಅವರಿಗೆ ಮಹಾಪಾಪ. ಅವರ ಪರ್ವಗಳು ಇತಿಹಾಸದ ಸಂಗತಿಗಳಿಗೆ ಕಟ್ಟಿಕೊಂಡಿವೆ. ಪಂಪೆಯ ಕಲ್ಯಾಣ ನದಿಗೂ ಬೆಟ್ಟಕ್ಕೂ ಕಟ್ಟಿಕೊಂಡಿದೆ. ಶೆಖೀನಾ ತನ್ನ ಜನರೊಡನೆ ಊರೂರು ಅಲೆಯುವವಳು. ಪಂಪೆ ತನ್ನ ಊರನ್ನು ಬಿಟ್ಟು ಕದಲದವಳು. ಈ ಭೇದಗಳನ್ನು ಅಳಿಸಿ ಎಲ್ಲವೂ ಒಂದೇ ಎಂದುಬಿಟ್ಟರೆ ಎರಡು ಕಡೆಯವರಿಗೂ ಅನ್ಯಾಯವಾಗುತ್ತದೆ.

ಹಾಗಾದರೆ ಹಬ್ಬಕ್ಕೆ ಒಳಗಣ ಅರ್ಥವೊಂದೇ ಸಾಲದೆ? ಮನಸ್ಸಿನಲ್ಲಿ ತಿಳಿದುಕೊಂಡ ಮೇಲೆ ರೊಟ್ಟಿಯೇಕೆ, ತೇರೇಕೆ ಎಂದು ವಿದ್ಯಾವಂತರಾದ ನಮ್ಮಲ್ಲಿ ಹಲವರು ಕೇಳುವುದುಂಟು. ಈ ಪ್ರಶ್ನೆಗೆ ಯೆಹೂದ್ಯರ ಚರಿತ್ರೆಯಲ್ಲಿಯೇ ಕಹಿಯಾದ ಉತ್ತರವಿದೆ. ಲೂರಿಯನು ತೀರಿಕೊಂಡು ಸುಮಾರು ನೂರು ವರ್ಷವಾದ ಮೇಲೆ ಇಜ್ಮೀರಿನ ಸಬ್ಬತಾಯ್ ಜೆವಿ ಎಂಬವನು ತಾನೇ ಲೋಕೋದ್ಧಾರಕನೆಂದು ೧೬೬೫ರಲ್ಲಿ ಸಾರಿಸಿಕೊಂಡನು. ತಿಕ್ಕೂನ್ ಮುಗಿಯಿತು, ಇನ್ನು ಹಳೆಯ ವಿಧಿಗಳ ಬಂಧನವಿಲ್ಲ ಎಂದು ಅವನ ಅನುಯಾಯಿಗಳು ನಂಬಿದರು. ದೇವಾಲಯವು ಬಿದ್ದ ದಿನದ ಶೋಕದ ಉಪವಾಸವನ್ನೇ ಅವನು ೧೬೬೬ರಲ್ಲಿ ಸಂತೋಷದ ಹಬ್ಬವಾಗಿ ಮಾರ್ಪಡಿಸಿದನು. ಹಲವು ದೇಶಗಳ ಯೆಹೂದ್ಯರು ಮನೆಮಾರುಗಳನ್ನು ಮಾರಿ ಯೆರೂಸಲೇಮಿಗೆ ಹೊರಡಲು ಅಣಿಯಾದರು. ಅದೇ ವರ್ಷ ಸುಲ್ತಾನನ ಮುಂದೆ ಪ್ರಾಣಭಯದಿಂದ ಅವನು ಮತಾಂತರವನ್ನು ಹೊಂದಿದನು. ನಂಬಿದ ಜನ ದಿಕ್ಕುಗೆಟ್ಟರು. ಹೊರಗಣ ಕಟ್ಟಳೆಯನ್ನು ಕಳಚಿದ ಒಳಗಣ ಅರ್ಥವು ಯಾವ ಕಡೆಗಾದರೂ ಹಾರಿಹೋಗಬಲ್ಲುದು.

ಇದಕ್ಕೆ ಪ್ರತಿಯಾಗಿ ಯೋಸೇಫ್ ಕಾರೋವನ್ನು ನೆನೆಯಬೇಕು. ಹಗಲೆಲ್ಲ ಅವನು ಹಬ್ಬದ ದಿನ ಯಾವ ಒಲೆಯನ್ನು ಹೊತ್ತಿಸಬಹುದು, ಯಾವ ಪಾತ್ರೆ ಶುದ್ಧ ಎಂಬಂಥ ಸಣ್ಣಸಣ್ಣ ವಿಧಿಗಳನ್ನು ನಿರ್ಣಯಿಸುತ್ತಿದ್ದನು. ರಾತ್ರಿ ತನ್ನ ಅಂತರಂಗದಲ್ಲಿ ಕೇಳಿದ ದಿವ್ಯವಾಣಿಯನ್ನು ದಿನಚರಿಯಲ್ಲಿ ಬರೆದಿಡುತ್ತಿದ್ದನು. ಧರ್ಮಶಾಸ್ತ್ರವೂ ರಹಸ್ಯವಿದ್ಯೆಯೂ ಒಂದೇ ಎದೆಯಲ್ಲಿ ಜಗಳವಿಲ್ಲದೆ ಬಾಳಿದುವು.

ನಮ್ಮ ನಾಡಿನಲ್ಲಿಯೂ ಇದೇ ನೀತಿಯನ್ನು ಕಾಣುತ್ತೇವೆ. ದೇಹವನ್ನೇ ದೇಗುಲವೆಂದು ಬಗೆದ ಶರಣರು ಬಹಿರಂಗದ ಆಡಂಬರವನ್ನು ಕಟುವಾಗಿ ಖಂಡಿಸಿದರು, ನಿಜ. ಆದರೆ ಅದರ ಸ್ಥಾನದಲ್ಲಿ ಬರಿಯ ಚಿಂತನೆಯನ್ನು ಇಟ್ಟು ಸುಮ್ಮನಾಗಲಿಲ್ಲ. ಕಾಯಕವನ್ನೂ ದಾಸೋಹವನ್ನೂ ಇಟ್ಟರು. ಮಾನಸಪೂಜೆಯನ್ನು ಹ�ೊಗಳಿದ ಹರಿದಾಸರಲ್ಲಿ ಪುರಂದರದಾಸರು ವಿಜಯನಗರದ ಬೀದಿಗಳಲ್ಲಿ ತಂಬೂರಿ ಹಿಡಿದು ಮನೆಮನೆಗೆ ಹೋಗುತ್ತಿದ್ದರೆಂದು ಸಂಪ್ರದಾಯ ಹೇಳುತ್ತದೆ. ಕೈಗೆ ಕೆಲಸ, ಹಸಿದವನಿಗೆ ಅನ್ನ, ಬೀದಿಗೆ ಹಾಡು, ಇವೆಲ್ಲ ಹೊರಗಿನವೇ. ಬಡವನಿಗೆ ಊಟವಿಲ್ಲದ ಚಪ್ಪರದಲ್ಲಿ ದೇವಲೋಕದ ಅತಿಥಿಗಳು ನಿಲ್ಲುವುದಿಲ್ಲವೆಂದು ಜೋಹರ್ ಹೇಳಿದುದೂ ಇದನ್ನೇ. ಹಬ್ಬದ ಒಳಗಣ ಅರ್ಥ ನಿಜವೋ ಸುಳ್ಳೋ ಎಂಬುದಕ್ಕೆ ಒರೆಗಲ್ಲು ಹೊರಗಿನ ಎಲೆಯ ಮೇಲೆ ಬಿದ್ದ ತುತ್ತು.

ಇನ್ನು ನಾವು ಮೊದಲು ಕೇಳಿದ ಪ್ರಶ್ನೆಗೆ ಬರೋಣ. ಮಹಾನವಮಿ ಅಳಿಯಿತೆಂದೆವು. ವಾಸ್ತವವಾಗಿ ಅಳಿದುದು ಅದರ ಒಂದು ಭಾಗ ಮಾತ್ರ. ೧೬೧೦ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ಪಡೆದು ಅಲ್ಲಿ ನವರಾತ್ರಿಯನ್ನು ಮೊದಲುಮಾಡಿದರು. ೧೬೪೮ರ ಗೋವಿಂದವೈದ್ಯನ ಕಾವ್ಯದಲ್ಲಿ ಕಂಠೀರವ ನರಸರಾಜರ ಕಾಲದ ವೈಭವವನ್ನು ನೋಡಬಹುದು. ಮುಂದೆ ಅದು ಮೈಸೂರಿನ ದಸರೆಯಾಯಿತು. ಅಲ್ಲಿಯೂ ಅರಸೊತ್ತಿಗೆ ಹೋಯಿತು. ೧೯೭೧ರಲ್ಲಿ ರಾಜಧನವೂ ನಿಂತಿತು. ಅರಸರು ಕುಳಿತುಬರುತ್ತಿದ್ದ ಚಿನ್ನದ ಅಂಬಾರಿಯಲ್ಲಿ ಇಂದು ಚಾಮುಂಡೇಶ್ವರಿಯ ಮೂರ್ತಿ ಬಿಜಯಮಾಡುತ್ತದೆ. ಮನೆಗಳಲ್ಲಿ ಹೆಣ್ಣುಮಕ್ಕಳು ಬೊಂಬೆಗಳನ್ನು ಕೂರಿಸುವುದು ನಿಂತಿಲ್ಲ. ಸಿಂಹಾಸನಕ್ಕೆ ಸೇರಿದುದು ಸಿಂಹಾಸನದೊಡನೆ ಹೋಯಿತು. ದೇವಿಗೂ ಮನೆಗೂ ಸೇರಿದುದು ಉಳಿಯಿತು.

ಹಬ್ಬದ ಒಳಗು ಯಾವುದೆಂದು ತಿಳಿಯಲು ಒಂದು ಸುಲಭವಾದ ಪರೀಕ್ಷೆಯುಂಟೆಂದು ನಮಗೆ ತೋರುತ್ತದೆ. ಊರನ್ನು ಬಿಟ್ಟು ಹೊರಡಬೇಕಾದ ದಿನ ಮನುಷ್ಯನು ಹೊತ್ತುಕೊಂಡು ಹೋಗಬಲ್ಲುದು ಯಾವುದೋ ಅದೇ ಹಬ್ಬದ ಒಳಗು. ಸ್ಪೇನನ್ನು ಬಿಟ್ಟವರು ದೇವಾಲಯವನ್ನು ಹೊತ್ತುಕೊಂಡು ಹೋಗಲಿಲ್ಲ. ಶುಕ್ರವಾರದ ಸಂಜೆಯನ್ನು ಹೊತ್ತುಕೊಂಡು ಹೋದರು. ಇದಕ್ಕೆ ಚಿತ್ತವಾಡ್ಗಿಯ ನೆರೆಯಲ್ಲಿಯೇ ನಿದರ್ಶನವಿದೆ. ೧೯೫೩ರಲ್ಲಿ ತುಂಗಭದ್ರೆಗೆ ಅಣೆಕಟ್ಟಾದಾಗ ಹಲವಾರು ಹಳ್ಳಿಗಳು ನೀರಿನ ಪಾಲಾದುವು. ನಾರಾಯಣದೇವರಕೆರೆ ಎಂಬ ಊರೂ ಮುಳುಗಿತು. ಅದರ ಜನ ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ಬಂದವರು ಲಕ್ಷ್ಮೀನಾರಾಯಣನ ಸೇವೆಯನ್ನು ಬಿಡಲಿಲ್ಲ. ಅಲ್ಲಿ ಇಂದಿಗೂ ಅವನ ತೇರನ್ನು ಎಳೆಯುತ್ತಾರೆ. ತೇರು ಮರದ್ದು, ಹಗ್ಗ ನಾರಿನದು. ಎರಡನ್ನೂ ಹೊಸದಾಗಿ ಮಾಡಿಸಿಕೊಳ್ಳಬಹುದು. ಎಳೆಯಬೇಕೆಂಬ ಮನಸ್ಸನ್ನು ಮಾತ್ರ ಹಳೆಯ ಊರಿನಿಂದಲೇ ತರಬೇಕು.

ಬಾಳೆಯ ಹಣ್ಣಿಗೆ ಸಿಪ್ಪೆ ಬೇಕು. ಸಿಪ್ಪೆಯಿಲ್ಲದೆ ಬೆಳೆದ ಹಣ್ಣನ್ನು ಯಾರೂ ಕಂಡಿಲ್ಲ. ಸಿಪ್ಪೆಯನ್ನೇ ಮೆಲ್ಲುವವರೂ ಇಲ್ಲ. ಫಲಪೂಜೆಯ ದಿನ ವಿರೂಪಾಕ್ಷನ ಮುಂದೆ ಇಡುವ ತಟ್ಟೆಯಲ್ಲಿ ಹಣ್ಣು ಸಿಪ್ಪೆಯೊಡನೆಯೇ ಇರುತ್ತದೆ. ಅರ್ಪಿಸುವಾಗ ಎರಡನ್ನೂ ಅರ್ಪಿಸಿ, ಹಂಚುವಾಗ ಸುಲಿದು ಕೈಗೆ ಕೊಡುವುದು ನಮ್ಮ ಹಿರಿಯರ ಪದ್ಧತಿ. ಹಬ್ಬಗಳನ್ನು ಮುಂದಿನವರ ಕೈಗೆ ಕೊಡುವಾಗಲೂ ಅದನ್ನೇ ಅನುಸರಿಸಿದರೆ ಸಾಕೆಂದು ಹೇಳಿ ಈ ಭಾಷಣವನ್ನು ಮುಗಿಸುತ್ತೇವೆ.